ಬಿದಿರಿನ ಎಲುಬಿನ ನಾಲ್ಕು ಕಂಬ

ಈ ಮಳೆಗಾಲದೊಳಗೆ ಕಬ್ಬಿಣ ಸಿಗುವುದಿಲ್ಲ ಎಂದು ನಮ್ಮ ಎಂಜಿನಿಯರ್ ಸಾಹೇಬರು ಹೇಳಿದ್ದು ಕುಮಟೆಯ ಕಚೇರಿಯ ಜಗಲಿಯಲ್ಲಿ, ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತ. ಅವರು ಧಾರವಾಡದ ಕಡೆಯವರು. ಕೆಟ್ಟ ಸುದ್ದಿ ಹೇಳುವಾಗ ಎದುರಿಗಿದ್ದವನ ಮುಖ ನೋಡುವ ಅಭ್ಯಾಸ ಅವರಿಗಿರಲಿಲ್ಲ.

“ಇದ್ದಬದ್ದ ಕಬ್ಬಿಣೆಲ್ಲಾ ದೊಡ್ಡ ಸೇತುವೆಗಳಿಗೆ ಹೊಂಟೈತ್ರಿ. ನಿಮ್ಮ ಸಂಕಕ್ಕ ಯಾರು ಕೊಡ್ತಾರ? ಮುಂದಿನ ವರ್ಷ ನೋಡೂಣು.”

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕುಮಟೆ ತಾಲೂಕಿನ ಓವರ್ಸಿಯರ್ ಆಗಿದ್ದ ನನ್ನ ಪಾಲಿಗೆ ಬಂದದ್ದು ಕಾಗಾಲದ ಆಚೆ, ಅಘನಾಶಿನಿಗೆ ಸೇರುವ ಉಪ್ಪುನೀರಿನ ಹಳ್ಳವೊಂದಕ್ಕೆ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಕಟ್ಟಿಸುವ ಕೆಲಸ. ಹಳ್ಳದಾಚೆ ಗಜನಿ ಗದ್ದೆಗಳು, ಅಂದರೆ ಸಮುದ್ರದ ಭರತಿ ಏರಿದಾಗ ನೀರು ನುಗ್ಗುವ ತಗ್ಗು ಗದ್ದೆಗಳು. ಅವುಗಳ ನಡುವೆ ಎತ್ತರದ ದಿಬ್ಬದ ಮೇಲೆ ಒಂದು ಸಣ್ಣ ಕೇರಿ. ಬೇಸಿಗೆಯಲ್ಲಿ ಇಳಿತದ ಹೊತ್ತು ನೋಡಿ ಮೊಣಕಾಲು ನೀರಿನಲ್ಲಿ ದಾಟಬಹುದಿತ್ತು. ಮಳೆಗಾಲಕ್ಕೆ ತೆಂಗಿನ ಮರ ಅಡ್ಡ ಹಾಕುತ್ತಿದ್ದರು. ಮೊದಲ ದೊಡ್ಡ ನೆರೆ ಅದನ್ನು ಕೊಂಡೊಯ್ಯುತ್ತಿತ್ತು. ಆಮೇಲೆ ಆ ಸೆಳವಿನಲ್ಲಿ ದೋಣಿಯೂ ನಿಲ್ಲುತ್ತಿರಲಿಲ್ಲ. ಕೇರಿ ಕೇರಿಯಲ್ಲೇ, ಊರು ಊರಲ್ಲೇ.

ಎರಡೂ ದಡದಲ್ಲಿ ಚಿರೆಕಲ್ಲಿನ ಕಟ್ಟೆ ಎದ್ದಾಗಿತ್ತು. ಊರವರೇ ಮೈಬಗ್ಗಿಸಿ ಕಟ್ಟಿದ್ದರು. ಉಳಿದದ್ದು ಹಳ್ಳದ ನಡುವೆ ಎರಡು ಜೋಡಿ ಕಂಬ. ಹಿಂದೊಮ್ಮೆ ನಡುವೆಯೂ ಚಿರೆಕಲ್ಲನ್ನೇ ದಪ್ಪಕ್ಕೆ ಕಟ್ಟಿದ್ದರಂತೆ; ಅದು ನೀರನ್ನು ತಡೆದು, ಬುಡ ಕೊರೆಸಿಕೊಂಡು, ಮಗುಚಿ ಬಿದ್ದಿತ್ತು. ಮರದ ಕಂಬಗಳನ್ನು ಉಪ್ಪುನೀರಿನ ಹುಳ ಎರಡು ಮಳೆಗಾಲದಲ್ಲಿ ಜರಡಿ ಮಾಡುತ್ತಿತ್ತು. ಸಪೂರಾಗಿದ್ದು ನೀರಿಗೆ ದಾರಿ ಬಿಡುವ ಕಾಂಕ್ರೀಟಿನ ಕಂಬವೇ ಬೇಕು. ಆದರೆ ಬರೀ ಕಾಂಕ್ರೀಟು ಮೇಲಿನ ಭಾರ ಹೊತ್ತೀತೇ ಹೊರತು ಪಕ್ಕದಿಂದ ನೂಕಿದರೆ ತಾಳುವುದಿಲ್ಲ. ನೆರೆಯ ನೀರು ನೂಕುವುದು ಪಕ್ಕದಿಂದಲೇ. ಅದಕ್ಕೇ ಒಳಗೆ ಕಬ್ಬಿಣದ ಸಲಾಕೆ.

‘ಮುಂದಿನ ವರ್ಷ’ ಎಂಬ ಮಾತನ್ನು ನಾನು ಯಾರಿಗಾದರೂ ಹೇಳಬಹುದಿತ್ತು, ಸೂಲಗಿತ್ತಿಗೆ ಹೇಳುವ ಧೈರ್ಯವಿರಲಿಲ್ಲ. ಈ ದಡದಲ್ಲಿ, ಊರಿನ ಬದಿಗೆ, ಅವಳ ಮನೆ. ಮಗಳನ್ನು ಆ ದಡದ ಕೇರಿಯ ಯಜಮಾನರ ಮಗನಿಗೆ ಕೊಟ್ಟಿದ್ದಳು. ಅಳಿಯ ಮಚ್ವೆ ಹಡಗಿನ ಮೇಲೆ ಕೆಲಸಕ್ಕೆ ಹೋದವನು, ವರ್ಷದಲ್ಲಿ ಮುಕ್ಕಾಲು ಪಾಲು ಸಮುದ್ರದಲ್ಲೇ. ಹಿಂದಿನ ಮಳೆಗಾಲದಲ್ಲಿ ಮಗಳಿಗೆ ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಹಳ್ಳ ತುಂಬಿ ಹರಿಯುತ್ತಿತ್ತು. ಊರಿನ ಎಷ್ಟೋ ಕೂಸುಗಳ ಹೊಕ್ಕುಳ ಕೊಯ್ದ ಹೆಂಗಸು ಈ ದಡದಲ್ಲಿ ಮಳೆಗೆ ನೆನೆಯುತ್ತ ನಿಂತೇ ಇದ್ದಳು. ಕೂಸು ಉಳಿಯಲಿಲ್ಲ. ಈಗ ಮಗಳು ಮತ್ತೆ ಬಸುರಿ, ಆರಿದ್ರಾ ಮಳೆಯ ಹೊತ್ತಿಗೆ ಹೆರಿಗೆ. ಬೇಸಿಗೆಯಲ್ಲೇ ತವರಿಗೆ ಕರೆತರೋಣವೆಂದರೆ ಅತ್ತೆ ಒಪ್ಪಲಿಲ್ಲ. ಬಸುರಿ ಹೊಳೆ ದಾಟಬಾರದು ಎಂಬ ಮಾತನ್ನು ಮೊದಲ ಸಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಸೊಸೆಯನ್ನು ಪೇಟೆಗೆ ಕಳಿಸಿದ್ದೇ ತಪ್ಪಾಯಿತು, ಈ ಸಲ ಬಿಲ್‌ಕುಲ್ ಇಲ್ಲ ಎಂದು ಹಟ ಹಿಡಿದಿದ್ದಳು.

ಸೂಲಗಿತ್ತಿ ದಿನಾ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ಎಲೆಯಡಿಕೆ ಹಾಕಿಕೊಂಡು ಒಂದೇ ಪ್ರಶ್ನೆ: “ಎಂತಾತು ಓವರ್ಸಿಯರ್ರೆ?”

ಇದೆಲ್ಲವನ್ನೂ ನಾನು ಅಲ್ಲೇ ಜಗಲಿಯಲ್ಲಿ ಸಾಹೇಬರಿಗೆ ಹೇಳಿದೆ. ಅವರು ಲೇಸು ಬಿಟ್ಟು ನೆಟ್ಟಗೆ ಕೂತರು. “ಯುದ್ಧದ ಕಾಲದಾಗ ಕೆಲವು ಕಡೆ ಸಲಾಕಿ ಬದ್ಲಿ ಬಿದರು ಹಾಕ್ಯಾರಂತ ಓದೀನಿ. ಮಂದಿ ನಡದಾಡೂ ಸಂಕಕ್ಕ ನಡೀಬಹುದು. ಆದ್ರ ಮೊದಲು ಸಣ್ಣ ಕಂಬ ಎರಕ ಹೊಯ್ದು ನೋಡ್ರಿ. ನೋಡದs ಹಳ್ಳಕ್ಕ ಇಳೀಬ್ಯಾಡ್ರಿ.”

ನನಗೆ ಅಷ್ಟು ಸಾಕಾಗಿತ್ತು. ನಾನು ಸ್ವಲ್ಪ ಆತುರದವನು, ಹೂಂ ಎಂದವರು ಮನಸ್ಸು ಬದಲಿಸುವ ಮೊದಲೇ ಜಾಗ ಖಾಲಿ ಮಾಡುವವನು. ಮರುದಿನವೇ ಹೊನ್ನಾವರಕ್ಕೆ ಹೋದೆ. ಶರಾವತಿಯಲ್ಲಿ ತೆಪ್ಪ ಕಟ್ಟಿ ತೇಲಿಬಿಟ್ಟ ಬಿದಿರು ಅಲ್ಲಿನ ದಂಡೆಯ ಮೇಲೆ ರಾಶಿ ಬಿದ್ದಿರುತ್ತಿತ್ತು. ನನ್ನ ಊರು ಪಕ್ಕದ ಕರ್ಕಿ, ಹಾಗಾಗಿ ಆ ದಂಡೆ ಹೊಸದಲ್ಲ. ಹಸಿರು ಬಣ್ಣ ಪೂರ್ತಿ ಹೋದ, ನೆರಳಿನಲ್ಲಿ ಒಂದು ವರ್ಷ ಒಣಗಿದ, ಬೆರಳ ಗೆಣ್ಣಿನಿಂದ ಬಡಿದರೆ ಟಣ್ ಎನ್ನುವ ಬಿದಿರನ್ನೇ ಒಂದೊಂದಾಗಿ ಆರಿಸಿದೆ. ಅಂಗಡಿಯವನಿಗೆ ಸಾಕಾಗಿ ಹೋಯಿತು. “ಮದ್ವೆಗೆ ಹೆಣ್ಣು ನೋಡೂವಾಗ್ಲೂ ಇಷ್ಟು ನೋಡೂದಿಲ್ಲ ಮಾರಾಯ್ರೆ” ಎಂದ. ಲಾರಿಗೆ ಹೇರಿಸಿ ಕೇರಿಯ ಯಜಮಾನರ ಹೆಸರಿಗೆ ಕಳಿಸಿದೆ.

ಅಲ್ಲಿಂದ ಭಟ್ಕಳಕ್ಕೆ, ಡಾಂಬರು ತರಲು. ದೋಣಿಗೆ ಬಳಿಯುವ ಒಳ್ಳೆಯ ಡಾಂಬರು ಬಂದರಿನ ಹತ್ತಿರ ಒಬ್ಬ ನವಾಯತ ಸಾಹುಕಾರರಲ್ಲಿ ಸಿಗುತ್ತಿತ್ತು. “ಯಾವ ದೋಣಿಗೆ?” ಎಂದು ಕೇಳಿದರು. ದೋಣಿಗಲ್ಲ, ಕಾಂಕ್ರೀಟು ಕಂಬದ ಒಳಗೆ ಎಂದೆ. ಅವರು ಲೆಕ್ಕದ ಪಟ್ಟಿ ಪಕ್ಕಕ್ಕಿಟ್ಟು ನನ್ನನ್ನು ಚೆನ್ನಾಗಿ ನೋಡಿದರು. “ಹೊರಗೆ ಬಳಿಯೂದು ಕಂಡಿದ್ದೆ, ಒಳಗೆ ಬಳಿಯೂದು ಇದೇ ಮೊದ್ಲು. ಕಂಬ ತೇಲಿಸ್ತೀರಾ?” ಎಂದು ನಕ್ಕು, ಡಬ್ಬಿಗಳನ್ನು ತಾವೇ ನಿಂತು ಬಸ್ಸಿಗೆ ಹಾಕಿಸಿದರು.

ನೇರ ಕಾಗಾಲಕ್ಕೆ ಹೋಗಿದ್ದರೆ ಈ ಕಥೆ ಅರ್ಧದಷ್ಟಾಗುತ್ತಿತ್ತು. ದಾರಿಯಲ್ಲಿ ಸಿಗುವ ಮಾವಳ್ಳಿಯ ಬಾವಿಗಳ ಕೆಲಸ ನೋಡುತ್ತಿದ್ದವರು ಜ್ವರ ಬಂದು ಮಲಗಿದ್ದರು, ಮೇಲಿನಿಂದ ನನಗೆ ಅಲ್ಲೇ ನಿಲ್ಲುವ ಆಜ್ಞೆ ಬಂತು. ಕೆಲವು ವಾರ ಅಲ್ಲಿ ಕಳೆದು ಹಳ್ಳದ ದಡಕ್ಕೆ ಬಂದಾಗ ಬಿದಿರು ಎಲ್ಲೂ ಕಾಣಲಿಲ್ಲ. ಯಜಮಾನರು ಮುಖ ಅರಳಿಸಿಕೊಂಡು ಎದುರು ಬಂದರು.

“ನೀವು ಬರೂ ತನಕ ಸುಮ್ನೆ ಕೂತ್ಕಂಡ್ರೆ ಆಗ್ತದಾ? ಬಿದ್ರನ್ನೆಲ್ಲಾ ಹಳ್ಳದ ಕೆಸರಲ್ಲಿ ಹುಗ್ದು ಮೇಲಿಂದ ಕಲ್ಲು ಹೇರಿಟ್ಟಿದ್ದೆ. ಇನ್ನು ಹುಳ ಮುಟ್ಟೂದಿಲ್ಲ ನೋಡಿ.”

ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವವರು ಮಾಡುವುದೇ ಹಾಗೆ. ಉಪ್ಪುನೀರಿನಲ್ಲಿ ನೆನೆದ ಬಿದಿರಿಗೆ ಹುಳ ಬೀಳುವುದಿಲ್ಲ; ನಮ್ಮ ಮನೆಯ ಮಾಡಿನ ಬಿದಿರೂ ಹಾಗೆ ನೆನೆದದ್ದೇ. ಒಳ್ಳೆಯ ಬಿದಿರು ಕಂಡ ಯಜಮಾನರು ಅದಕ್ಕೆ ಒಳ್ಳೆಯದನ್ನೇ ಮಾಡಿದ್ದರು. ನನಗೆ ಬೇಕಾಗಿದ್ದದ್ದು ಮಾತ್ರ ನೀರು ಕುಡಿಯದ ಬಿದಿರು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಸಿಟ್ಟು ಬಂದಿತ್ತು, ಬೈಯಲು ಬಾಯಿ ಬರಲಿಲ್ಲ.

“ಎಂತಾ ಮಾಡ್ಹಾಕಿದ್ರಿ ಯಜಮಾನ್ರೆ!” ಎಂದಷ್ಟೇ ಅಂದೆ.

“ಎಂತಾತು? ಗಟ್ಟಿ ಆಗ್ಲಿ ಅಂತಲ್ಲಾ ಮಾಡದ್ದು?”

ಅವರ ಕೊಟ್ಟಿಗೆಯಲ್ಲಿ ಒಂದೇ ಒಂದು ಬಿದಿರು ಹೇಗೋ ನೆನೆಯದೆ ಉಳಿದಿತ್ತು. ವಾದಿಸಿ ಗೆಲ್ಲುವ ಬದಲು ತೋರಿಸಿಯೇ ಬಿಡೋಣವೆಂದು ದಡದ ಮೇಲೆ ಸೊಂಟದೆತ್ತರದ ಮೂರು ಮಾದರಿ ಕಂಬ ಎರಕ ಹೊಯ್ದೆ. ಒಂದರೊಳಗೆ ಯಜಮಾನರ ನೆನೆದ ಬಿದಿರಿನ ದಬ್ಬೆ, ಅಂದರೆ ಉದ್ದುದ್ದ ಸೀಳಿದ ಪಟ್ಟಿ. ಇನ್ನೊಂದಕ್ಕೆ ಒಣ ದಬ್ಬೆಯನ್ನು ಹಾಗೇ ಹಾಕಿದೆ. ಮೂರನೆಯದಕ್ಕೆ ಒಣ ದಬ್ಬೆಗೆ ಕಾಸಿದ ಡಾಂಬರು ತೆಳ್ಳಗೆ ಬಳಿದು, ಅದು ಆರುವ ಮೊದಲು ಒರಟು ಮರಳಿನಲ್ಲಿ ಹೊರಳಿಸಿ ಹಾಕಿದೆ. ಮೂರರಲ್ಲೂ ದಬ್ಬೆಯ ತುದಿ ಮೇಲೆ ಗೇಣುದ್ದ ಹೊರಗೆ ಬಿಟ್ಟಿದ್ದೆ.

ಮೊದಲು ಸೋತದ್ದು ಡಾಂಬರಿಲ್ಲದ ಒಣ ದಬ್ಬೆ. ಅದು ಹಸಿ ಕಾಂಕ್ರೀಟಿನ ನೀರನ್ನೆಲ್ಲ ಹೀರಿ ಉಬ್ಬಿತು. ಹಲಗೆ ಬಿಚ್ಚಿದ ಕೆಲವೇ ದಿನಗಳಲ್ಲಿ ಕಂಬ ಮೇಲಿಂದ ಕೆಳಗೆ ಸೀಳು ಬಿಟ್ಟಿತು. ನೆನೆದ ಬಿದಿರಿನ ಕಂಬ ನೋಡಲು ಲಕ್ಷಣವಾಗಿತ್ತು, ಕೂದಲೆಳೆಯ ಬಿರುಕಿಲ್ಲ. ಮೊದಲೇ ಉಬ್ಬಿದ್ದು ಮತ್ತೆಲ್ಲಿ ಉಬ್ಬೀತು? ಯಜಮಾನರು ದಿನಾ ಹೋಗಿ ಬರುವವರನ್ನು ನಿಲ್ಲಿಸಿ ಅದನ್ನು ತೋರಿಸುತ್ತಿದ್ದರು. ಯುಗಾದಿ ಕಳೆದು ಬಿಸಿಲು ಚುರುಕಾದ ಮೇಲೆ ಒಂದು ಬೆಳಿಗ್ಗೆ ಅವರನ್ನೇ ಕರೆದು, ಹೊರಗಿದ್ದ ತುದಿಯನ್ನು ಹಿಡಿದು ಅಲ್ಲಾಡಿಸಿ ಎಂದೆ. ಅಲ್ಲಾಡಿಸಿದರು. ಬೀಳುವ ಹಲ್ಲಿನ ಹಾಗೆ ಅದು ಅಲುಗಿತು. ಬಿದಿರು ಒಣಗುತ್ತ ಕುಗ್ಗಿ, ಸುತ್ತಲಿನ ಕಾಂಕ್ರೀಟಿನ ಹಿಡಿತ ಬಿಟ್ಟಿತ್ತು. ಸಂದಿನಲ್ಲಿ ತೆಂಗಿನ ಗರಿಯ ಕಡ್ಡಿಯನ್ನು ಇಳಿಬಿಟ್ಟೆ, ಬೆರಳುದ್ದ ಹೋಯಿತು.

ಯಜಮಾನರು ಮೂರನೆಯ ಕಂಬದ ತುದಿಯನ್ನೂ ಹಿಡಿದು ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ.

“ಆತು. ಈಗೆಂತ ಮಾಡೂದು?” ಎಂದರು.

ಕೆಸರಿನಿಂದ ಎತ್ತಿದ ಬಿದಿರನ್ನು ಸೀಳಿ ದಬ್ಬೆ ಮಾಡಿದೆವು. ಬಿಸಿಲಿಗಿಟ್ಟರೆ ಅವು ಸೊಟ್ಟಗಾಗಿ ಸೀಳುತ್ತಿದ್ದವು. ನೆರಳಿಗಿಟ್ಟರೆ ಸಮುದ್ರದ ಗಾಳಿಗೆ ಮಳೆಗಾಲ ಬಂದರೂ ಒಣಗುವಂತಿರಲಿಲ್ಲ. ಒಂದು ಮಧ್ಯಾಹ್ನ ಸೂಲಗಿತ್ತಿಯ ಮನೆಯಲ್ಲಿ ಗಂಜಿಗೆ ಕೂತಿದ್ದಾಗ ತಲೆ ಎತ್ತಿ ನೋಡಿದೆ. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ, ಒಣಮೀನು, ಬೀಜಕ್ಕಿಟ್ಟ ಸೌತೆಕಾಯಿ, ಎಲ್ಲವೂ ಹೊಗೆಯಲ್ಲಿ ಹದವಾಗಿ ಒಣಗುತ್ತಿದ್ದವು. ಒಂದು ಅಟ್ಟಕ್ಕೆ ನಾಲ್ಕಾರು ದಬ್ಬೆ ಹಿಡಿಯುತ್ತಿದ್ದವು. ಎರಡೂ ದಡದ ಮನೆಗಳು ಸೇರಿದರೆ ನಾಲ್ಕು ಕಂಬಕ್ಕೂ ಆಗುತ್ತಿತ್ತು.

ಇದನ್ನು ಹೇಳಿದ್ದೇ ತಡ, ಹೆಂಗಸರು ಗುಲ್ಲೆಬ್ಬಿಸಿದರು. ಸೀಳಿದ ಹಸಿ ಬಿದಿರು ಮನೆಯೊಳಗೆ ಬರುವುದೆಂದರೆ ಒಂದೇ ಅರ್ಥ: ಚಟ್ಟ. ಅದನ್ನು ಅಡುಗೆ ಒಲೆಯ ಮೇಲಿಡಿ ಎನ್ನುತ್ತಿದ್ದಾನಲ್ಲ ಇವನು! ಒಬ್ಬಳಂತೂ ನನಗೆ ಮದುವೆ ಆಗಿದೆಯೋ ಇಲ್ಲವೋ, ಮನೆಯಲ್ಲಿ ಹಿರಿಯರಿದ್ದಾರೋ ಇಲ್ಲವೋ ಎಂದು ಸೂಲಗಿತ್ತಿಯನ್ನು ವಿಚಾರಿಸಿದಳು. ನಾನು ಹಿಂದೆ ಸರಿದು ನಿಂತೆ.

ಸೂಲಗಿತ್ತಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು.

“ಹುಟ್ಟಿದ ಕೂಸನ್ನ ನಾ ಮೊದ್ಲು ಮಲಗ್ಸೂದು ಎಂತದ್ರಲ್ಲೇ? ಮೊರದಲ್ಲಿ ಅಲ್ದಾ? ಮೊರ ಎಂತದ್ರದ್ದು? ನಿಮ್ ಮಕ್ಕಳೆಲ್ಲಾ ಬಿದ್ರ ಮೇಲೇ ಮಲ್ಗಿ ದೊಡ್ಡ ಆದವ್ವೇ. ಹೋಗೂವಾಗ ಮಾತ್ರ ಬಿದ್ರು ಅಂದ್ಕಂಡ್ರೆ ಹೆಂಗೆ? ತಕಂಡು ಹೋಗಿ, ಇಡಿ.”

ಅವಳ ಕೈಯಲ್ಲಿ ಹೆರಿಗೆ ಆಗದ ಹೆಂಗಸು ಆ ಗುಂಪಿನಲ್ಲಿ ಇರಲಿಲ್ಲ. ಗೊಣಗುತ್ತಲೇ ಒಬ್ಬೊಬ್ಬರಾಗಿ ಹೊರೆ ಎತ್ತಿಕೊಂಡರು. ಆ ಬೇಸಿಗೆಯಲ್ಲಿ ಆ ಕೇರಿಯ ಯಾವ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಅಟ್ಟಕ್ಕೆ ಹೋಗುತ್ತಿತ್ತು. ಯಜಮಾನರ ಮನೆಯ ಅಡುಗೆಕೋಣೆಗೆ ಮಾತ್ರ ಇಣುಕಲಿಲ್ಲ. ಅಲ್ಲಿ ಬಸುರಿ ಇದ್ದಳು, ಗಂಡಸರು ಒಳಗೆ ಹೋಗುವುದು ಚೆನ್ನಾಗಿರಲಿಲ್ಲ.

ದಬ್ಬೆಗಳು ಕಂದು ಬಣ್ಣಕ್ಕೆ ತಿರುಗಿ ಹಗುರಾಗಿ ಬಂದವು. ತೆಂಗಿನ ಸಿಪ್ಪೆಯ ಕುಂಚದಿಂದ ಡಾಂಬರು ಬಳಿದೆವು. ತೆಳ್ಳಗೇ ಬಳಿಯಬೇಕು, ದಪ್ಪಗಾದರೆ ದಬ್ಬೆ ಅದರಲ್ಲೇ ಜಾರುತ್ತದೆ. ಮರಳನ್ನು ಹಳ್ಳದಿಂದ ತೆಗೆಯದೆ ಮೇಲಿನ ಸಿಹಿನೀರಿನ ಹೊಳೆಯಿಂದ ತರಿಸಿದೆ. ಯಾವ ಮನೆಯಿಂದ ಬಂದ ಕಟ್ಟೋ ಅದನ್ನು ಹಾಗೇ ತೆಗೆದು ತಂತಿ ಬಿಗಿದು ಪಂಜರ ಕಟ್ಟಿದೆವು.

ಎರಕ ಹೊಯ್ಯುವುದು ಹಳ್ಳದ ಮರ್ಜಿಗೆ ಬಿಟ್ಟ ಕೆಲಸ. ಒಂದೊಂದು ಕಂಬದ ಸುತ್ತ ಬಿದಿರು ತಟ್ಟಿ ನೆಟ್ಟು, ನಡುವೆ ಜೇಡಿ ತುಂಬಿ, ನೀರನ್ನು ಹೊರಗೆ ಹಾಕುತ್ತಿದ್ದೆವು. ಇಳಿತ ಆಗುತ್ತಿದ್ದ ಹಾಗೆ ಬುಡದ ಕೆಸರು ತೆಗೆದು ಗಟ್ಟಿ ಚಿರೆಯ ಹಾಸು ಸಿಗುವವರೆಗೆ ಅಗೆಯಬೇಕು. ಹಾಸಿನಲ್ಲಿ ಗುಳಿ ಕಡಿದು ಪಂಜರ ಇಳಿಸಿ, ಹಲಗೆಯ ಪೆಟ್ಟಿಗೆ ನಿಲ್ಲಿಸಬೇಕು. ಭರತಿ ಏರುವ ಮೊದಲು ಕಾಂಕ್ರೀಟು ನೀರಿನ ಮಟ್ಟ ದಾಟಬೇಕು. ಹೆಂಗಸರು ಸಾಲುಗಟ್ಟಿ ನಿಂತು ಬುಟ್ಟಿ ದಾಟಿಸುತ್ತಿದ್ದರು, ಬಾಯಲ್ಲಿ ಹಾಡು ನಿಲ್ಲುತ್ತಿರಲಿಲ್ಲ. ಪದಗಳಲ್ಲಿ ಓವರ್ಸಿಯರನೂ ಅಲ್ಲಲ್ಲಿ ಬರುತ್ತಿದ್ದ. ಯಾವ ಸಂದರ್ಭದಲ್ಲಿ ಎಂದು ಕೇಳಲು ಹೋಗಲಿಲ್ಲ. ನಾನು ಮೇಲಿಂದ ಕೋಲಿನಲ್ಲಿ ಕುಟ್ಟುತ್ತಿದ್ದೆ. ದಬ್ಬೆಗೆ ಕೋಲು ತಾಗಿ ಮರಳು ಉದುರದ ಹಾಗೆ, ಗಾಳಿ ಉಳಿದು ಗೂಡಾಗದ ಹಾಗೆ.

ನಾಲ್ಕೂ ಕಂಬ ಎದ್ದವು. ಕುಡಿಯುವ ನೀರಿಗೇ ತತ್ವಾರವಿದ್ದ ದಿನಗಳಲ್ಲಿ ಕೇರಿಯವರು ಸಿಹಿನೀರು ಹೊತ್ತು ತಂದು, ಕಂಬಗಳಿಗೆ ಸುತ್ತಿದ ಗೋಣಿಚೀಲ ಒಣಗದಂತೆ ನೋಡಿಕೊಂಡರು. ಇನ್ನು ಉಳಿದದ್ದು ಮೇಲೆ ಅಡ್ಡ ತೊಲೆ, ಅದರ ಮೇಲೆ ಕಾಂಕ್ರೀಟಿನ ಹಾಸು. ಅದಕ್ಕೆ ಬೇಕಾಗುವಷ್ಟೇ ಸಿಮೆಂಟು ಯಜಮಾನರ ಜಗಲಿಯಲ್ಲಿತ್ತು. ಪೇಟೆಯಲ್ಲಿರುವಂಥ ಕಾಂಕ್ರೀಟು ಸಂಕ ನಮಗೂ ಎಂದು ಅವರು ಕಂಡಕಂಡವರಿಗೆ ಹೇಳಿಯಾಗಿತ್ತು.

ಹಾಸು ಹೊಯ್ಯುವ ಮೊದಲು ನಾನು ಏಣಿ ಹತ್ತಿ, ಪ್ರತಿ ಕಂಬದ ತಲೆಯಲ್ಲಿ ಚಾಚಿಕೊಂಡಿದ್ದ ದಬ್ಬೆಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದೆ. ಮೂರು ಕಂಬ ಬಂಡೆಯ ಹಾಗಿದ್ದವು. ಕೇರಿಯ ಬದಿಯ ಕೊನೆಯ ಕಂಬದಲ್ಲಿ ಒಂದು ದಬ್ಬೆ ಅಲುಗಿತು. ಪಕ್ಕದ್ದೂ ಅಲುಗಿತು. ಒಟ್ಟು ನಾಲ್ಕು. ಕಿಸೆಯಿಂದ ಕಡ್ಡಿ ತೆಗೆದು ಇಳಿಬಿಟ್ಟೆ. ಅದು ಬೆರಳುದ್ದ ಇಳಿಯಿತು.

ಕೆಳಗೆ ನಿಂತಿದ್ದ ಯಜಮಾನರಿಗೆ ನನ್ನ ಮುಖ ನೋಡಿಯೇ ತಿಳಿಯಿತು. “ನಾಕು ಸಡ್ಲಾದ್ರೆ ಎಂತಾತು? ಉಳದ್ದು ಗಟ್ಟಿ ಉಂಟಲ್ಲಾ. ಮೇಲೆ ಹಾಸು ಬಿದ್ರೆ ಎಲ್ಲಾ ಹಿಡ್ಕಂತದೆ. ರೋಹಿಣಿ ಮಳೆ ಬಪ್ಪ ಹೊತ್ತಾತು ಓವರ್ಸಿಯರ್ರೆ.”

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆ ಕಂಬ ಆ ಮಳೆಗಾಲ ನಿಲ್ಲಬಹುದಿತ್ತು. ನಿಲ್ಲದೆಯೂ ಹೋಗಬಹುದಿತ್ತು. ಅದನ್ನು ಒಡೆದು ಮತ್ತೆ ಎರಕ ಹೊಯ್ದರೆ ಹಾಸಿನ ಸಿಮೆಂಟು ಅಲ್ಲಿಗೆ ಮುಗಿಯುತ್ತಿತ್ತು. ಹೊಸ ಕಂಬಕ್ಕೆ ಬಲ ಬರಲು ನಾಲ್ಕು ವಾರ ಬೇಕು, ಅಷ್ಟರಲ್ಲಿ ಹಳ್ಳ ತುಂಬುತ್ತಿತ್ತು. ಏಣಿಯ ಮೇಲೆ ನಿಂತೇ ಆ ದಡ, ಈ ದಡ ನೋಡಿದೆ. ಈ ದಡದ ಕಟ್ಟೆಯ ಮೇಲೆ ಸೂಲಗಿತ್ತಿ ಕೂತಿದ್ದಳು. ಅವಳು ದಾಟುವಾಗ ಈ ಕಂಬ ಮುರಿದರೆ ಎಂಬ ಯೋಚನೆ ಬಂದದ್ದೇ, ನನಗೆ ಬೇರೆ ಲೆಕ್ಕ ಬೇಕಾಗಲಿಲ್ಲ.

“ಒಡೀಬೇಕು ಯಜಮಾನ್ರೆ. ಹಾಸು ಬೇಡ, ಮರದ ಹಲಗೆ ಹಾಕ್ವ. ಕಂಬಗಳಿಗೂ ಭಾರ ಕಮ್ಮಿ ಆಗ್ತದೆ.”

“ಹಲಗೆಯಾ! ಇಷ್ಟೆಲ್ಲಾ ಮಾಡಿ ಹಲಗೆಯಾ?” ಅವರ ಧ್ವನಿ ಏರಿತು. “ನಮ್ಮನೆ ಬೆಂಕಿ, ನಮ್ಮನೆ ನೀರು, ನಮ್ಮ ಹೆಂಗಸ್ರ ಬೆನ್ನು ಮುರ್ದು ಹೋತು. ಈಗ ನಿಮ್ಮ ಒಂದು ಕಡ್ಡಿಗೆ ಹೆದ್ರಿ ಒಡ್ಯೂದಾ?”

ಜನ ಸೇರಿದರು. ಸುತ್ತಿಗೆ ತರಲು ಯಾರೂ ಹೋಗಲಿಲ್ಲ. ಆಗ ಗುಂಪಿನ ಹಿಂದಿನಿಂದ ಯಜಮಾನರ ಹೆಂಡತಿ ಮುಂದೆ ಬಂದಳು. ನಾಲ್ಕು ಜನರ ಎದುರು ದನಿ ಎತ್ತುವವಳಲ್ಲ. ಗಂಡನ ಕಡೆ ನೋಡದೆ ನೆಲ ನೋಡುತ್ತ ಹೇಳಿದಳು.

“ಆ ದಬ್ಬೆ ನಮ್ಮನೇವು. ಒಲೆ ಮೇಲೆ ಇಡ್ಲಿಲ್ಲ ನಾನು. ಕೊಟ್ಗೆ ಹಿಂದೆ ಇಟ್ಟಿದ್ದೆ. ಒಂದು ಕೂಸು ಹೋದ ಮನೆ ಅದು. ಬಸ್ರಿ ದಿನಾ ಕೂತು ಉಂಬೂ ಜಾಗದ ತಲೆ ಮೇಲೆ ಅದ್ನ ಇಡೂಕೆ ಕೈ ಬರ್ಲಿಲ್ಲ. ಅಲ್ಲೇ ಒಣಗ್ತದೆ ಅಂತ ಅಂದ್ಕಂಡಿದ್ದೆ.”

ಈ ದಡದಿಂದ ಸೂಲಗಿತ್ತಿ ಎದ್ದು, ಸೀರೆ ಎತ್ತಿ ಕಟ್ಟಿ, ಇಳಿತದ ನೀರಿನಲ್ಲಿ ದಾಟಿ ಬಂದಳು. ಜಗಳ ಆಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಅವಳು ಬೀಗಿತ್ತಿಯ ಎದುರು ನಿಂತಳು.

“ನನ್ ಮಾತು ಕೇಳೂಕಾಗ್ಲಿಲ್ಲಾ ನಿಂಗೆ?”

“ನಿನ್ ಮಗ್ಳೇ ಅಲ್ದಾ ಮಾರಾಯ್ತಿ, ಅದ್ಕೇ.”

ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ. ನಾನು ಯಾರ ಜೀವಕ್ಕೆ ಹೆದರಿ ಕಂಬ ಒಡೆಸಲು ಹೊರಟಿದ್ದೆನೋ ಆ ಸೂಲಗಿತ್ತಿಯ ಮಗಳ ಜೀವಕ್ಕೇ ಹೆದರಿ ಅವಳು ದಬ್ಬೆಯನ್ನು ಹೊರಗಿಟ್ಟಿದ್ದಳು. ಯಜಮಾನರು ಹೆಂಡತಿಯನ್ನೊಮ್ಮೆ, ಕಂಬವನ್ನೊಮ್ಮೆ ನೋಡಿದರು. ಆಮೇಲೆ ತಾವೇ ಹೋದರು, ಸುತ್ತಿಗೆ ತಂದರು, ಮೊದಲ ಪೆಟ್ಟು ತಾವೇ ಹಾಕಿದರು.

ಮಿಕ್ಕಿದ್ದ ಒಣ ದಬ್ಬೆಗಳಿಂದ ಹೊಸ ಪಂಜರ ಕಟ್ಟಿದೆವು. ರೋಹಿಣಿ ಮಳೆಯ ಮೊದಲ ಹನಿಗಳು ಬೀಳುವಾಗ, ತೆಂಗಿನ ಮಡಲಿನ ತಟ್ಟಿ ಮರೆ ಹಿಡಿದುಕೊಂಡು ನಾಲ್ಕನೆಯ ಕಂಬಕ್ಕೆ ಮತ್ತೆ ಎರಕ ಹೊಯ್ದೆವು. ಮೇಲೆ ಮರದ ತೊಲೆ, ಹಲಗೆ, ಎರಡೂ ಬದಿ ಹಿಡಿಯಲು ಬಿದಿರಿನ ಗಳ. ಸಾಹೇಬರು ಕೊಡೆ ಹಿಡಿದು ನೋಡಲು ಬಂದರು. ಒಡೆದ ಕಂಬದ ಚೂರುಗಳನ್ನು ಕಾಲಿನಿಂದ ಸರಿಸಿ ನೋಡಿದರು. ಶಹಬ್ಬಾಸ್ ಅನ್ನಲಿಲ್ಲ.

“ಹೊಸಾ ಕಂಬಕ್ಕ ನಾಕು ವಾರ ತುಂಬೂತನಕ ಯಾರನ್ನೂ ಬಿಡಬ್ಯಾಡ್ರಿ. ಆಮ್ಯಾಲೂ ಈ ಮಳಿಗಾಲ ಮುಗಿಯೂತನಕ ಒಬ್ಬೊಬ್ಬರನ್ನs ಬಿಡ್ರಿ. ದನಾ ಅಂತೂ ಬ್ಯಾಡ.” ಸಂಕದ ಎರಡೂ ತುದಿಗೆ ಮುಳ್ಳುಬೇಲಿ ಬಡಿಸಿದೆ.

ನಾಲ್ಕು ವಾರ ತುಂಬಲಿಲ್ಲ. ಆರಿದ್ರಾ ಹೊಕ್ಕ ಮೇಲೆ ಒಂದೇ ಸಮನೆ ಹೊಡೆದ ಮಳೆಗೆ ಹಳ್ಳ ಕೆಂಪಾಗಿ ಏರಿತು. ಕಂಬಗಳ ಮುಕ್ಕಾಲು ಪಾಲು ನೀರಿನಲ್ಲಿ ಮುಳುಗಿತ್ತು. ಬೆಳಿಗ್ಗೆ ನಾನು ಕಂಬ ನೋಡಲೆಂದು ಬಂದರೆ ಆ ದಡದಲ್ಲಿ ಯಜಮಾನರು ಕಂಬಳಿ ಬೀಸುತ್ತಿದ್ದರು. ನೀರಿನ ಸದ್ದಿನಲ್ಲಿ ಅವರ ಕೂಗು ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಸೂಲಗಿತ್ತಿ ಆಗಲೇ ಮುಳ್ಳಿನ ಎದುರು ಗಂಟು ಕಟ್ಟಿಕೊಂಡು ನಿಂತಿದ್ದಳು. ಎಂದಿನ ಹಾಗೆ ‘ಎಂತಾತು’ ಎಂದು ಕೇಳಲಿಲ್ಲ.

“ಹೋಗ್ಲಾ?” ಎಂದಳು, ಅಷ್ಟೇ.

ಒಬ್ಬ ಹೆಂಗಸಿನ ಭಾರ ಆ ಕಂಬಗಳಿಗೆ ಏನೂ ಅಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಹೆದರಿಕೆ ಇದ್ದದ್ದು ನೀರಿನ ಮೇಲೆ. ನೆರೆ ಮೇಲಿನಿಂದ ಮರದ ದಿಮ್ಮಿ, ಬಾಳೆಯ ಬುಡ ಎಲ್ಲ ತರುತ್ತಿತ್ತು. ಇನ್ನೂ ಬಲಿಯದ ಕಂಬಕ್ಕೆ ದೊಡ್ಡದೊಂದು ದಿಮ್ಮಿ ಬಡಿದರೆ ಏನಾಗುತ್ತದೆ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಸಾಹೇಬರ ಮಾತು ನೆನಪಿತ್ತು. ಹಿಂದಿನ ವರ್ಷ ಅವಳು ಇದೇ ಜಾಗದಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ, ಆದರೂ ಅದು ಕಣ್ಣಿಗೆ ಕಟ್ಟಿತು. ಮುಳ್ಳು ಕಿತ್ತೆ.

“ನಾ ಮೊದ್ಲು ಹೋಗ್ತೆ. ನಾ ಆ ಬದಿ ಮುಟ್ಟಿದ ಮೇಲೆ ನೀವು ಬನ್ನಿ ಅಕ್ಕಾ. ನಡೂ ನಿಲ್ಲಬೇಡಿ.”

ದಾಟಿದೆ. ಹಲಗೆ ಕಾಲಡಿಯಲ್ಲಿ ನಡುಗುತ್ತಿತ್ತು. ಆ ದಡಕ್ಕೆ ಹೋದವನು ಯಜಮಾನರ ಕೈಗೊಂದು ಉದ್ದನೆಯ ಗಳ ಕೊಟ್ಟು, ನಾನೊಂದು ಹಿಡಿದೆ. ಇಬ್ಬರೂ ಕಟ್ಟೆಯ ಅಂಚಿನಲ್ಲಿ ಬಗ್ಗಿ, ನಾಲ್ಕನೆಯ ಕಂಬದ ಕಡೆ ತೇಲಿ ಬರುವುದನ್ನೆಲ್ಲ ನೂಕತೊಡಗಿದೆವು. ಬಾಳೆಯ ಬುಡ ಬಂತು, ತಳ್ಳಿದೆವು. ಬೇರು ಸಮೇತ ಒಂದು ಮರ ತಿರುಗುತ್ತ ಬಂತು. ಯಜಮಾನರ ಗಳ ಮುರಿಯಿತು. ನನ್ನದು ಬೇರಿನಲ್ಲಿ ಸಿಕ್ಕಿ ಕೈಯಿಂದ ಕಿತ್ತುಕೊಂಡು ಹೋಯಿತು. ಮರ ಕಂಬಕ್ಕೆ ಬಡಿದ ಸದ್ದು ನನ್ನ ಹಲ್ಲಿನವರೆಗೆ ಬಂತು. ತಲೆ ಎತ್ತಿದರೆ ಸೂಲಗಿತ್ತಿ ಸರಿಯಾಗಿ ಅದೇ ಕಂಬದ ಮೇಲಿದ್ದಳು. ಅವಳು ಕೆಳಗೆ ನೋಡಲಿಲ್ಲ, ಸಂಕದ ಬದಿಯ ಗಳವನ್ನೂ ಹಿಡಿಯಲಿಲ್ಲ. ಗಂಟನ್ನು ಎದೆಗೆ ಅವಚಿಕೊಂಡು ಬಂದು, ನಮ್ಮಿಬ್ಬರ ನಡುವೆ ಹಾದು, ಗದ್ದೆಯ ಬದುವಿನ ಮೇಲೆ ಓಡಿದಳು. ಮರ ನಿಧಾನಕ್ಕೆ ಹೊರಳಿ ಎರಡು ಕಂಬಗಳ ನಡುವಿನಿಂದ ನುಸುಳಿ ಹೋಯಿತು. ಕಂಬ ಅಲ್ಲೇ ಇತ್ತು.

ಅಂದಿನ ಹೊತ್ತು ಪೂರ್ತಿ ನಾನು ಕಟ್ಟೆ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ಮೀರಿದ ಮೇಲೆ ಯಜಮಾನರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರು. ಅವರ ಕಣ್ಣು ಕೆಂಪಾಗಿದ್ದವು. “ಹೆಣ್ಣು ಕೂಸು. ಇಬ್ರೂ ಗಟ್ಟಿ ಇದ್ದಾರೆ” ಎಂದರು. “ಕಂಬದ ಬುಡದಲ್ಲಿ ನೀರು ಸುಳಿ ತಿರುಗ್ತಾ ಉಂಟು, ನೋಡಿದ್ರಾ?” ಎಂದೆ ನಾನು. ಅವರು ನನ್ನ ಹೆಗಲು ಹಿಡಿದು ಅಲುಗಾಡಿಸಿದರು. “ಓವರ್ಸಿಯರ್ರೆ, ಕೂಸು ಹುಟ್ತು ಅಂದೆ ನಾನು.” ಆಗ ನನಗೆ ಅಳು ಬಂತು. ಮಳೆ ಇದ್ದದ್ದು ಒಳ್ಳೆಯದಾಯಿತು.

ಬಿದಿರು ಹಾಕಿ ಕಂಬ ಕಟ್ಟಬಹುದೇ ಎಂದು ಆಮೇಲೆ ಕೆಲವರು ನನ್ನನ್ನು ಕೇಳಿದ್ದುಂಟು. ಕಬ್ಬಿಣ ಸಿಗುವುದಾದರೆ ಬೇಡ ಎಂದೇ ಹೇಳಿದ್ದೇನೆ. ಕಬ್ಬಿಣಕ್ಕೆ ಇಷ್ಟು ಜನರ ಒಲೆ ಬೇಕಾಗುವುದಿಲ್ಲ.

ಪುರುಡು ಕಳೆದ ಮೇಲೆ ಒಂದು ದಿನ ಮಳೆ ಬಿಟ್ಟು ಹೊಳವಾಯಿತು. ಅಷ್ಟರಲ್ಲಿ ಕಂಬಕ್ಕೂ ದಿನ ತುಂಬಿ, ನಾನು ಮುಳ್ಳು ತೆಗೆಸಿ, ಒಬ್ಬೊಬ್ಬರೇ ದಾಟಬೇಕೆಂದು ಕಟ್ಟುನಿಟ್ಟು ಮಾಡಿದ್ದೆ. ಇಬ್ಬರು ಒಟ್ಟಿಗೆ ಕಾಲಿಟ್ಟರೆ ನನ್ನ ಬಾಯಿಂದ ಬೈಗುಳ ತಪ್ಪಿದ್ದಲ್ಲ ಎಂದು ಎರಡೂ ದಡಕ್ಕೆ ಗೊತ್ತಿತ್ತು. ಆ ದಿನ ನಾನು ಈ ದಡದಲ್ಲಿದ್ದೆ. ಆ ದಡದಲ್ಲಿ ಸೂಲಗಿತ್ತಿ, ಅವಳ ಹಿಂದೆ ಮಗಳು ಕೂಸನ್ನು ಎತ್ತಿಕೊಂಡು, ಅವಳ ತೋಳು ಹಿಡಿದುಕೊಂಡು ಅತ್ತೆ. ಬಾಣಂತನಕ್ಕೆ ತವರಿಗೆ ಹೊರಟಿದ್ದರು. ಸೂಲಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

“ಓವರ್ಸಿಯರ್ರೇ! ಇವ್ರನ್ನ ಒಬ್ರು ಅಂತ ಲೆಕ್ಕ ಹಾಕೂದಾ, ಇಬ್ರು ಅಂತನಾ?”

ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ನಾನು ಎರಡು ಸಲ ಕೆಮ್ಮಿ, ಆದಷ್ಟು ಜೋರಾಗಿ ಕೂಗಿದೆ.

“ಒಬ್ರೇ! ಬರ್ಲಿ!”

ಅತ್ತೆ ಸೊಸೆಯ ತೋಳು ಬಿಟ್ಟಳು. ಸೊಸೆ ಕೂಸಿನ ತಲೆಯ ಮೇಲೆ ಸೆರಗು ಎಳೆದು, ಹಲಗೆಯ ಮೇಲೆ ಕಾಲಿಟ್ಟಳು.